ಸಿಬಿಝಡ್ ಮೇಷ್ಟ್ರಿಗೆ ಬೇಸಿಗೆಯಲ್ಲಿ ಲ್ಯಾಬ್ ಕೊಡಿ, ಪಿಪಿಟಿ ಅಲ್ಲ

1998ರಲ್ಲಿ ಬಿಎಸ್ಸಿ ಮುಗಿಸಿದ ಸರ್ಕಾರಿ ಹೈಸ್ಕೂಲಿನ ಸಿಬಿಝಡ್ ಮೇಷ್ಟ್ರೊಬ್ಬರನ್ನು ಊಹಿಸಿಕೊಳ್ಳಿ. ಮಾನವ ಜೀನೋಮ್ ಯೋಜನೆ ಮುಗಿಯಿತು ಅಂತ ಘೋಷಣೆಯಾದದ್ದು 2003ರಲ್ಲಿ. ಜೀನ್ ತಿದ್ದುವ ಕ್ರಿಸ್ಪರ್ ತಂತ್ರ ಬಂದದ್ದು 2012ರಲ್ಲಿ. ಎಂಆರ್‌ಎನ್‌ಎ ಲಸಿಕೆ ಬಳಕೆಗೆ ಬಂದದ್ದು ಕೋವಿಡ್ ಕಾಲದಲ್ಲಿ. ಇದ್ಯಾವುದೂ ಅವರ ಕಾಲೇಜಿನಲ್ಲಿ ಇರಲಿಲ್ಲ. ಆಮೇಲೆ ಕಲಿಸಿದವರು ಯಾರು?

ಕಲಿಸೋಕೆ ದೊಡ್ಡ ಯಂತ್ರಗಳೇ ಬೇಕಿಲ್ಲ. ಮಾಗಿದ ಬಾಳೆಹಣ್ಣು ಕಿವುಚಿ, ಉಪ್ಪು, ಪಾತ್ರೆ ತೊಳೆಯುವ ಲಿಕ್ವಿಡ್, ನೀರು ಬೆರೆಸಿ ಸೋಸಿ, ಮೇಲಿಂದ ತಣ್ಣನೆಯ ಆಲ್ಕೋಹಾಲ್ ನಿಧಾನಕ್ಕೆ ಬಿಟ್ಟರೆ ಬಿಳಿ ಎಳೆಗಳು ಏಳುತ್ತವೆ. ಅದೇ ಡಿಎನ್‌ಎ. ಸೋಪು ಕೋಶಪೊರೆಯ ಕೊಬ್ಬನ್ನು ಒಡೆಯುತ್ತೆ. ಆಲ್ಕೋಹಾಲಿನಲ್ಲಿ ಕರಗದ ಡಿಎನ್‌ಎ ಗಂಟುಕಟ್ಟುತ್ತೆ. ಪಿಸಿಆರ್‌ಗೆ ಮಾತ್ರ ಲ್ಯಾಬ್ ಬೇಕು. ಮೂಗಿಗೆ ಕಡ್ಡಿ ಹಾಕಿಸಿಕೊಂಡ ನಮ್ಮಲ್ಲಿ ಎಷ್ಟು ಜನಕ್ಕೆ ಅದರ ಒಳಲೆಕ್ಕ ಗೊತ್ತು? ಪ್ರತಿ ಸುತ್ತಿಗೆ ಡಿಎನ್‌ಎ ತುಣುಕು ದುಪ್ಪಟ್ಟಾಗುತ್ತೆ. 30 ಸುತ್ತಿಗೆ ಒಂದರಿಂದ ನೂರು ಕೋಟಿಗೂ ಹೆಚ್ಚು ಪ್ರತಿ. ಇದನ್ನು ಒಮ್ಮೆ ಕೈಯಾರೆ ಮಾಡಿದ ಮೇಷ್ಟ್ರು ಪಾಠ ಮಾಡೋ ರೀತಿಯೇ ಬೇರೆ.

ಚಳ್ಳಕೆರೆ ಹತ್ತಿರದ ಕುದಾಪುರದಲ್ಲಿ ಐಐಎಸ್‌ಸಿಯ ತರಬೇತಿ ಕೇಂದ್ರ ವಿಜ್ಞಾನ ಶಿಕ್ಷಕರಿಗೆ ಇಂಥದ್ದನ್ನೇ ಮಾಡಿಸುತ್ತೆ. ಶಿಕ್ಷಕರು ಅಲ್ಲೇ ಉಳಿದು ಪ್ರಯೋಗ ಮಾಡ್ತಾರೆ. ಉಳಿದ ಕಡೆ ಬಹುಪಾಲು ನಡೆಯೋದು ರಾಜ್ಯದಿಂದ ಜಿಲ್ಲೆಗೆ, ಜಿಲ್ಲೆಯಿಂದ ಬ್ಲಾಕಿಗೆ ಇಳಿಯುವ ತರಬೇತಿ. ಇಳಿಯುವಷ್ಟರಲ್ಲಿ ಪ್ರಯೋಗ ಸೋರಿಹೋಗಿ ಪಿಪಿಟಿ ಮಾತ್ರ ಉಳಿದಿರುತ್ತೆ.

ಹಾಗಾದ್ರೆ ಬೇಸಿಗೆ ರಜೆಯಲ್ಲಿ ಎರಡು ವಾರ ಕರೆಸಿ ಅನ್ನೋದು ಸುಲಭ. ಆದರೆ ಆ ರಜೆ ಎಲ್ಲಿದೆ? 2024ರಲ್ಲಿ ಎಸ್ಸೆಸ್ಸೆಲ್ಸಿಗೆ ಮೂರು ಪರೀಕ್ಷೆ ಬಂದವು. ಮೌಲ್ಯಮಾಪನ, ಪರೀಕ್ಷೆ-2ರ ವಿಶೇಷ ತರಗತಿ, ಮೇಲೆ ಚುನಾವಣೆ, ಗಣತಿ. ರಜೆ ಇರುವ ನೌಕರರು ಅನ್ನೋ ಕಾರಣಕ್ಕೆ ಶಿಕ್ಷಕರಿಗೆ ಗಳಿಕೆ ರಜೆಯೂ ಕಡಿಮೆ. ತರಬೇತಿಗೆ ಪ್ರತಿಯಾಗಿ ಗಳಿಕೆ ರಜೆ, ಉಳಿಯೋಕೆ ವ್ಯವಸ್ಥೆ, ವಾಪಸ್ ಒಯ್ಯೋಕೆ ಒಂದು ಕಿಟ್ ಕೊಡದೆ ಆದೇಶ ಹೊರಡಿಸಿದರೆ ಅದು ಇನ್ನೊಂದು ಡ್ಯೂಟಿ ಅಷ್ಟೇ.

ನಾನಿದನ್ನು ರಾಜಕೀಯ ಪ್ರಶ್ನೆ ಅನ್ನೋದಕ್ಕೆ ಕಾರಣವಿದೆ. ಎಂಜಿನಿಯರಿಂಗ್ ಕಡೆ ಹೋದ ನಮ್ಮಂಥವರು ಬಹಳ ಮಂದಿಗೆ, ಕಾಮರ್ಸ್, ಆರ್ಟ್ಸ್, ಐಟಿಐ ಹಿಡಿದವರಿಗೆಲ್ಲ ಜೀವಶಾಸ್ತ್ರ ಹೆಚ್ಚುಕಮ್ಮಿ ಹತ್ತನೇ ಕ್ಲಾಸಿಗೇ ಮುಗಿಯುತ್ತೆ. ಕುಲಾಂತರಿ ಸಾಸಿವೆ ಬೇಕೋ ಬೇಡವೋ, ಲಸಿಕೆ ನಂಬಬೇಕೋ ಅಂತ ವಾದಿಸುವಾಗ ನಮ್ಮ ಕೈಲಿರೋದು ಆ ಮೇಷ್ಟ್ರು ಕೊಟ್ಟ ಬುತ್ತಿ. ಅದರಲ್ಲೂ 2023ರಲ್ಲಿ ಎನ್‌ಸಿಇಆರ್‌ಟಿ ಹತ್ತನೇ ತರಗತಿ ಪುಸ್ತಕದಿಂದ ಜೀವವಿಕಾಸವನ್ನೇ ತೆಗೆಯಿತು. 1,800ಕ್ಕೂ ಹೆಚ್ಚು ವಿಜ್ಞಾನಿಗಳು, ಶಿಕ್ಷಕರು ಬಹಿರಂಗ ಪತ್ರ ಬರೆದರು. ಪುಸ್ತಕದಲ್ಲಿ ಇಲ್ಲದಿದ್ದರೂ, ಆಂಟಿಬಯೋಟಿಕ್‌ಗೆ ಬ್ಯಾಕ್ಟೀರಿಯಾ ಯಾಕೆ ಜಗ್ಗಲ್ಲ ಅಂತ ಮಕ್ಕಳು ಕೇಳಿದಾಗ ಜೀವವಿಕಾಸವನ್ನು ವಿವರಿಸಬಲ್ಲ ಮೇಷ್ಟ್ರು ಬೇಕು.