ಫುಟ್‌ಪಾತಿನ ಮೇಲೆ ಬ್ಯಾಟರಿ ಬೈಕು



ಸಯನ್ ಆಸ್ಪತ್ರೆಯ ಆಸುಪಾಸಿನಲ್ಲಿ ಹೋಟೆಲು ನಡೆಸುವ ನಮಗೆ ಬೆಳಗಿನ ಗಿರಾಕಿಗಳೆಲ್ಲ ಹೆಚ್ಚಾಗಿ ನಡೆದು ಬರುವವರು. ರಾತ್ರಿಯಿಡೀ ವಾರ್ಡಿನಲ್ಲಿ ಕುಳಿತ ರೋಗಿಗಳ ಕಡೆಯವರು, ಸ್ಟೇಷನ್ನಿನಿಂದ ಬರುವ ನರ್ಸುಗಳು, ವಾಕಿಂಗ್ ಮುಗಿಸಿದ ಹಿರಿಯರು. ಇವರಲ್ಲಿ ಒಬ್ಬರು ತಮಿಳು ಮಾಮಿ. ಇಪ್ಪತ್ತು ವರ್ಷಗಳಿಂದ ಎರಡು ಇಡ್ಲಿ, ಚಟ್ನಿ ಬೇರೆ ಬಟ್ಟಲಲ್ಲಿ. ಕಳೆದ ಮಳೆಗಾಲದಲ್ಲಿ ನಮ್ಮ ಮೆಟ್ಟಿಲಿಳಿದು ಎರಡು ಹೆಜ್ಜೆ ಇಟ್ಟಿದ್ದರಷ್ಟೆ, ಫುಟ್‌ಪಾತಿನ ಮೇಲೆಯೇ ಹಿಂದಿನಿಂದ ಬ್ಯಾಟರಿ ಬೈಕು ಬಂದು ಬಡಿಯಿತು. ಕೈ ಮೂಳೆ ಮುರಿಯಿತು. ಪೆಟ್ರೋಲ್ ಗಾಡಿಯಾದರೆ ಸದ್ದಾದರೂ ಬರುತ್ತದೆ, ಇದಕ್ಕೆ ಅದೂ ಇಲ್ಲ.

ಹುಡುಗ ಬಂದದ್ದು ನಮ್ಮದೇ ಪಾರ್ಸೆಲ್ ಒಯ್ಯಲು. "ಹಾರ್ನ್ ಹೊಡೆದೆ ಸೇಠ್, ಅವರಿಗೆ ಕೇಳಿಸಲಿಲ್ಲ" ಎಂದು ಅಳುತ್ತಿದ್ದ. ಫುಟ್‌ಪಾತಿನಲ್ಲಿ ಹಾರ್ನ್ ಕೇಳಿ ನಡೆಯುವವರು ದಾರಿ ಬಿಡಬೇಕೇ? ಆದರೂ ಅವನನ್ನು ಬೈಯಲು ನಮಗೆ ಬಾಯಿ ಬರಲಿಲ್ಲ. ಪಾರ್ಸೆಲ್ ಕೌಂಟರನ್ನು ಫುಟ್‌ಪಾತಿನ ಕಡೆಗೆ ತೆರೆದವರು ನಾವು. ಗಲ್ಲಾದಲ್ಲಿ ಕುಳಿತು "ಬೇಗ ಬೇಗ" ಎನ್ನುವವರೂ ನಾವೇ. 2024ರ ಆಗಸ್ಟ್ 1ರಂದು ಸಯನ್ ಸ್ಟೇಷನ್ನಿನ ಹಳೇ ಸೇತುವೆಯನ್ನು ಕೆಡಹಲು ಮುಚ್ಚಿದಾಗ ಧಾರಾವಿ ಕಡೆಗೆ ಸುತ್ತಿ ಹೋಗಬೇಕಾಯಿತು. ರಾಂಗ್ ಸೈಡಿನಲ್ಲಿ ಬರುವುದು, ಫುಟ್‌ಪಾತ್ ಹತ್ತುವುದು ಆಗಿನಿಂದ ಹೆಚ್ಚಾದದ್ದನ್ನು ದಿನವೂ ಕಂಡೆವು, ಸುಮ್ಮನಿದ್ದೆವು.

ಹೋಮ್ ಡೆಲಿವರಿಗೆ ನಮ್ಮದೇ ಎರಡು ಬ್ಯಾಟರಿ ಬೈಕುಗಳಿವೆ. ಲೈಸೆನ್ಸ್ ಬೇಡ, ನಂಬರ್ ಪ್ಲೇಟ್ ಬೇಡ ಎಂದು ಅಂಗಡಿಯವನು ಹೇಳಿದ್ದನ್ನು ನಂಬಿ ಕೊಂಡದ್ದು. ಅವನು ಹೇಳಿದ್ದು ಅರ್ಧ ಮಾತ್ರ ಸರಿ. ಮೋಟಾರು 250 ವಾಟ್ ಒಳಗೆ, ವೇಗ ಗಂಟೆಗೆ 25 ಕಿಲೋಮೀಟರ್ ಒಳಗೆ, ಬ್ಯಾಟರಿ ಬಿಟ್ಟು ತೂಕ 60 ಕಿಲೋ ಮೀರದೆ, ಸರಕಾರ ಒಪ್ಪಿದ ಸಂಸ್ಥೆಯ ಸರ್ಟಿಫಿಕೇಟ್ ಇದ್ದರೆ ಮಾತ್ರ ಆ ರಿಯಾಯಿತಿ. ಮಾಮಿ ಬಿದ್ದ ಮೇಲೆ ನಮ್ಮ ಗಾಡಿಗಳನ್ನು ಮೆಕ್ಯಾನಿಕ್ಕಿಗೆ ತೋರಿಸಿದೆವು. ಒಂದು 40ರಲ್ಲಿ ಓಡುತ್ತಿತ್ತು! ವೇಗ ತಡೆಯುವ ವೈರನ್ನು ಯಾರೋ ಕತ್ತರಿಸಿದ್ದರು. ಹಾಗಾದಾಗ ಅದು ಕಾನೂನಿನ ಕಣ್ಣಿಗೆ ಪೂರ್ತಿ ಮೋಟಾರು ವಾಹನ. ರಿಜಿಸ್ಟ್ರೇಷನ್, ಲೈಸೆನ್ಸ್, ವಿಮೆ ಎಲ್ಲ ಬೇಕು. ಇವಿಲ್ಲದೆ ನಮ್ಮ ಕೆಲಸದ ಹುಡುಗ ಯಾರಿಗಾದರೂ ಗುದ್ದಿದರೆ ಪರಿಹಾರ ಕೊಡಲು ವಿಮಾ ಕಂಪೆನಿ ಇರುವುದಿಲ್ಲ, ಮಾಲಕರ ಕಿಸೆಯಿಂದಲೇ ಹೋಗಬೇಕು. ನಿಮ್ಮ ಗಾಡಿಗಳನ್ನೂ ಒಮ್ಮೆ ನೋಡಿಸಿ.

ಸುಪ್ರೀಂ ಕೋರ್ಟು 2025ರ ಮೇ ತಿಂಗಳಲ್ಲಿ, ನಡೆಯಲು ಫುಟ್‌ಪಾತ್ ಸಿಗುವುದು ಸಂವಿಧಾನದ 21ನೇ ವಿಧಿಯ ಬದುಕುವ ಹಕ್ಕಿಗೆ ಸೇರಿದ್ದು ಎಂದಿದೆ. ನಮ್ಮ ಬೋರ್ಡು, ನೀರಿನ ಡ್ರಮ್ಮು ಎಲ್ಲಿದ್ದವೆಂದು ಕೇಳಬೇಡಿ. ಈಗ ಒಳಗೆ ತಂದಿದ್ದೇವೆ.

ಪಾರ್ಸೆಲ್ ಕೌಂಟರನ್ನು ಹಿಂದಿನ ಗಲ್ಲಿಗೆ ಬದಲಾಯಿಸಿದೆವು. ಪಾತ್ರೆ ತೊಳೆಯುವ ಜಾಗ ಸರಿಸಬೇಕಾಯಿತು, ಖರ್ಚು ಬಂತು. ಮೊದಲ ತಿಂಗಳು ಪಾರ್ಸೆಲ್ ವ್ಯಾಪಾರವೂ ಇಳಿಯಿತು, ಮಗನ ಜತೆ ಜಗಳವೂ ಆಯಿತು. ಗಲ್ಲಿಯಲ್ಲೊಂದು ಬೆಂಚು, ಕುಡಿಯುವ ನೀರು ಇಟ್ಟ ಮೇಲೆ ಹುಡುಗರು ತಾವಾಗಿ ಅತ್ತ ಬರತೊಡಗಿದರು. ಕತ್ತರಿಸಿದ ವೈರನ್ನು ಜೋಡಿಸಿಯಾಗಿದೆ. ಒಲೆ ಪಕ್ಕದಲ್ಲಿ ಬ್ಯಾಟರಿ ಚಾರ್ಜಿಗೆ ಇಡುತ್ತಿದ್ದುದನ್ನೂ ನಿಲ್ಲಿಸಿದೆವು.

ಮಾಮಿ ಈಗ ಒಬ್ಬರೇ ಹೊರಗೆ ಬರುವುದಿಲ್ಲ. ಬೆಳಗ್ಗೆ ಏಳಕ್ಕೆ ನಮ್ಮ ಹುಡುಗ ನಡೆದೇ ಹೋಗಿ ಎರಡು ಇಡ್ಲಿ ಕೊಟ್ಟು ಬರುತ್ತಾನೆ. ಚಟ್ನಿ ಬೇರೆ ಡಬ್ಬಿಯಲ್ಲಿ.