ಕಡಿಮೆ ಆವರ್ತನದ ವಿದ್ಯುತ್ಕಾಂತೀಯ ಕ್ಷೇತ್ರಗಳ ಜೈವಿಕ ಪರಿಣಾಮಗಳು

ಸೆಕೆಂಡಿಗೆ ಕೆಲವು ಬಾರಿಯಿಂದ ಕೆಲವು ನೂರು ಬಾರಿ ಆವರ್ತಿಸುವ ವಿದ್ಯುತ್ ಕ್ಷೇತ್ರ ಹಾಗೂ ಕಾಂತಕ್ಷೇತ್ರಗಳನ್ನು ಕಡಿಮೆ ಆವರ್ತನದ ವಿದ್ಯುತ್ಕಾಂತೀಯ ಕ್ಷೇತ್ರಗಳು ಎನ್ನುತ್ತಾರೆ. ವಿದ್ಯುತ್ ತಂತಿಗಳು, ಟ್ರಾನ್ಸ್‌ಫಾರ್ಮರ್‌ಗಳು ಮತ್ತು ಗೃಹೋಪಯೋಗಿ ಉಪಕರಣಗಳು ಇವುಗಳ ಮುಖ್ಯ ಮೂಲಗಳು. ಭಾರತದಲ್ಲಿ ಪೂರೈಕೆಯಾಗುವ ಪರ್ಯಾಯ ವಿದ್ಯುತ್ತಿನ ಆವರ್ತನ 50 ಹರ್ಟ್ಸ್. ಪ್ರಬಲ ಕ್ಷೇತ್ರಗಳು ನರಕೋಶಗಳನ್ನು ಪ್ರಚೋದಿಸುತ್ತವೆ ಎಂಬುದು ಸಿದ್ಧಪಟ್ಟ ಸಂಗತಿ. ಮನೆಗಳಲ್ಲಿರುವ ದುರ್ಬಲ ಕ್ಷೇತ್ರಗಳಿಂದ ಕಾಯಿಲೆ ಬರುತ್ತದೆಯೇ ಎಂಬುದು ಮಾತ್ರ ಇನ್ನೂ ಚರ್ಚೆಯಲ್ಲಿದೆ.

ಕ್ರಿಯಾವಿಧಾನ

ಕ್ಷ-ಕಿರಣಗಳಂತೆ ಈ ಕ್ಷೇತ್ರಗಳು ಪರಮಾಣುಗಳಿಂದ ಎಲೆಕ್ಟ್ರಾನುಗಳನ್ನು ಬೇರ್ಪಡಿಸಲಾರವು. ಡಿಎನ್‌ಎಯ ರಾಸಾಯನಿಕ ಬಂಧಗಳನ್ನು ನೇರವಾಗಿ ಮುರಿಯುವಷ್ಟು ಶಕ್ತಿ ಇವುಗಳಿಗಿಲ್ಲ. ಹೊರಗಿನ ವಿದ್ಯುತ್ ಕ್ಷೇತ್ರವು ದೇಹದೊಳಗೆ ಬಹಳ ಕ್ಷೀಣಿಸುತ್ತದೆ. ಕಾಂತಕ್ಷೇತ್ರವಾದರೋ ದೇಹದ ಮೂಲಕ ಸುಲಭವಾಗಿ ಹಾದು, ಫ್ಯಾರಡೆಯ ಪ್ರೇರಣ ನಿಯಮಕ್ಕೆ ಅನುಗುಣವಾಗಿ ಅಂಗಾಂಶಗಳಲ್ಲಿ ವಿದ್ಯುತ್ ಪ್ರವಾಹವನ್ನು ಉಂಟುಮಾಡುತ್ತದೆ. ವಿಶ್ರಾಂತ ಸ್ಥಿತಿಯಲ್ಲಿರುವ ನರಕೋಶದ ಪೊರೆಯ ಎರಡು ಬದಿಗಳ ನಡುವೆ ಸುಮಾರು 70 ಮಿಲಿವೋಲ್ಟ್ ವಿಭವಾಂತರವಿರುತ್ತದೆ. ಪ್ರೇರಿತ ವಿದ್ಯುತ್ತು ಇದನ್ನು ಸಾಕಷ್ಟು ಬದಲಿಸಿದರೆ ಪೊರೆಯಲ್ಲಿನ ಅಯಾನು ನಾಳಗಳು ತೆರೆದುಕೊಂಡು ನರಸಂದೇಶ ಹುಟ್ಟುತ್ತದೆ.

ಸಿದ್ಧಪಟ್ಟ ಪರಿಣಾಮಗಳು

ಪ್ರಬಲ ಪರ್ಯಾಯ ಕಾಂತಕ್ಷೇತ್ರದಲ್ಲಿ ತಲೆಯನ್ನಿರಿಸಿದಾಗ ಕಣ್ಣಿಗೆ ಮಿನುಗುವ ಬೆಳಕು ತೋರುತ್ತದೆಂದು ಫ್ರಾನ್ಸಿನ ದಾರ್ಸೊನ್ವಾಲ್ 1896ರಲ್ಲಿ ವರದಿ ಮಾಡಿದರು. 1985ರಲ್ಲಿ ಇಂಗ್ಲೆಂಡಿನ ಶೆಫೀಲ್ಡ್‌ನಲ್ಲಿ ಆಂಟನಿ ಬಾರ್ಕರ್ ಮತ್ತು ಸಂಗಡಿಗರು ತಲೆಬುರುಡೆಯ ಹೊರಗಿನಿಂದಲೇ ಕಾಂತೀಯ ಸ್ಪಂದನದ ಮೂಲಕ ಮೆದುಳನ್ನು ಪ್ರಚೋದಿಸಿದರು. ಈ ವಿಧಾನವನ್ನು ಇಂದು ಖಿನ್ನತೆಯ ಚಿಕಿತ್ಸೆಯಲ್ಲಿಯೂ ಬಳಸಲಾಗುತ್ತಿದೆ.

ದುರ್ಬಲ ಕ್ಷೇತ್ರಗಳು ಮತ್ತು ಕ್ಯಾನ್ಸರ್

1979ರಲ್ಲಿ ನ್ಯಾನ್ಸಿ ವರ್ದೈಮರ್ ಮತ್ತು ಎಡ್ ಲೀಪರ್ ಅವರು ಅಮೆರಿಕದ ಡೆನ್ವರ್ ಪ್ರದೇಶದಲ್ಲಿ ನಡೆಸಿದ ಅಧ್ಯಯನವು ಮನೆಯ ಬಳಿಯ ವಿದ್ಯುತ್ ತಂತಿಗಳಿಗೂ ಮಕ್ಕಳ ಕ್ಯಾನ್ಸರಿಗೂ ಸಂಬಂಧವಿರಬಹುದೆಂದು ಸೂಚಿಸಿತು. ಹಲವು ಅಧ್ಯಯನಗಳ ಅಂಕಿಅಂಶಗಳನ್ನು ಒಟ್ಟುಗೂಡಿಸಿ 2000ದಲ್ಲಿ ಪ್ರಕಟವಾದ ವಿಶ್ಲೇಷಣೆಗಳಲ್ಲಿ, ಸರಾಸರಿ ಕಾಂತಕ್ಷೇತ್ರವು 0.3ರಿಂದ 0.4 ಮೈಕ್ರೋಟೆಸ್ಲಾವನ್ನು ಮೀರುವ ಮನೆಗಳ ಮಕ್ಕಳಲ್ಲಿ ರಕ್ತದ ಕ್ಯಾನ್ಸರ್‌ನ ಪ್ರಮಾಣ ಸುಮಾರು ಇಮ್ಮಡಿಯಾಗಿ ಕಂಡಿತು. ಆದರೆ ಅಂತಹ ಮನೆಗಳು ವಿರಳ. ಅಧ್ಯಯನಕ್ಕೆ ಕುಟುಂಬಗಳನ್ನು ಆಯ್ದ ರೀತಿಯಿಂದಲೂ ಇಂತಹ ವ್ಯತ್ಯಾಸ ತೋರಬಹುದು. ಪ್ರಾಣಿಗಳ ಮೇಲಿನ ಪ್ರಯೋಗಗಳು ಈ ಸಂಬಂಧವನ್ನು ಸಮರ್ಥಿಸಲಿಲ್ಲ. ಜೀವಕೋಶಗಳಲ್ಲಿ ಕಂಡ ಹಲವು ಬದಲಾವಣೆಗಳು ಬೇರೆ ಪ್ರಯೋಗಾಲಯಗಳಲ್ಲಿ ಪುನರಾವರ್ತನೆಯಾಗಲಿಲ್ಲ.

ಈ ಕಾರಣಗಳಿಂದ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು 2002ರಲ್ಲಿ ಕಡಿಮೆ ಆವರ್ತನದ ಕಾಂತಕ್ಷೇತ್ರಗಳನ್ನು '2ಬಿ' ಗುಂಪಿಗೆ, ಅಂದರೆ 'ಕ್ಯಾನ್ಸರ್‌ಕಾರಕವಾಗಿರುವ ಸಾಧ್ಯತೆಯುಳ್ಳವು' ಎಂಬ ವರ್ಗಕ್ಕೆ ಸೇರಿಸಿತು. ಈ ವರ್ಗೀಕರಣವು ಪುರಾವೆಯ ಬಲವನ್ನು ಸೂಚಿಸುತ್ತದೆಯೇ ಹೊರತು ಅಪಾಯದ ಪ್ರಮಾಣವನ್ನಲ್ಲ. ಕಾರ್ಯಕಾರಣ ಸಂಬಂಧವನ್ನು ಒಪ್ಪುವಷ್ಟು ಪುರಾವೆ ಬಲವಾಗಿಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ 2007ರಲ್ಲಿ ಅಭಿಪ್ರಾಯಪಟ್ಟಿತು. ಆದರೂ ಹೊಸ ವಿದ್ಯುತ್ ಸ್ಥಾವರ ಮತ್ತು ಮಾರ್ಗಗಳನ್ನು ನಿರ್ಮಿಸುವಾಗ ಅಲ್ಪ ವೆಚ್ಚದ ಮುನ್ನೆಚ್ಚರಿಕೆ ಕ್ರಮಗಳನ್ನು ಪರಿಶೀಲಿಸಬಹುದೆಂದು ಸಲಹೆ ನೀಡಿತು.

ಸುರಕ್ಷತಾ ಮಿತಿಗಳು

ಅಯಾನೀಕರಿಸದ ವಿಕಿರಣ ರಕ್ಷಣೆಯ ಅಂತರರಾಷ್ಟ್ರೀಯ ಆಯೋಗವು 2010ರಲ್ಲಿ 50 ಹರ್ಟ್ಸ್ ಕಾಂತಕ್ಷೇತ್ರಕ್ಕೆ ಸಾರ್ವಜನಿಕರ ಮಿತಿಯನ್ನು 200 ಮೈಕ್ರೋಟೆಸ್ಲಾ ಎಂದು ಸೂಚಿಸಿತು. ಈ ಮಿತಿಗೆ ನರಗಳ ಮೇಲಿನ ತಕ್ಷಣದ ಪರಿಣಾಮಗಳೇ ಆಧಾರ. ಕ್ಯಾನ್ಸರ್ ಕುರಿತ ಅಧ್ಯಯನಗಳಲ್ಲ. ಮೂಲದಿಂದ ದೂರ ಸರಿದಂತೆ ಕ್ಷೇತ್ರದ ಪ್ರಬಲತೆ ಶೀಘ್ರವಾಗಿ ಕುಗ್ಗುತ್ತದೆ. ಮೊಬೈಲ್ ದೂರವಾಣಿಯ ರೇಡಿಯೊ ತರಂಗಗಳ ಆವರ್ತನ ಇದಕ್ಕಿಂತ ಕೋಟ್ಯಂತರ ಪಟ್ಟು ಹೆಚ್ಚು. ಆದ್ದರಿಂದ ಇಲ್ಲಿನ ನಿರ್ಣಯಗಳು ಅವುಗಳಿಗೆ ಅನ್ವಯಿಸುವುದಿಲ್ಲ.