ಸಮ್ಮತಿಗೆ ಬೆಲೆಯಿಲ್ಲದ ಕಾನೂನು

ನಗರ ಪ್ರಾಂತದ ರೈತರು ಕಂದಾಯದ ಭಾರವನ್ನು ತಾಳಲಾರದೆ 1830ರಲ್ಲಿ ಬಂಡೆದ್ದುದನ್ನು ಕಾರಣವಾಗಿಟ್ಟುಕೊಂಡು ಬ್ರಿಟಿಷರು ಮರುವರ್ಷ ಮೈಸೂರಿನ ಆಡಳಿತವನ್ನು ಮುಮ್ಮಡಿ ಕೃಷ್ಣರಾಜ ಒಡೆಯರಿಂದ ವಹಿಸಿಕೊಂಡು, 50 ವರ್ಷಗಳ ಕಾಲ ಕಮಿಷನರರ ಮೂಲಕ ನಡೆಸಿದರೆಂಬುದು ಶಿಕಾರಿಪುರ, ಸೊರಬಗಳ ಸೀಮೆಯವರು ಬಲ್ಲ ಇತಿಹಾಸವೇ ಆಗಿದೆ. ಆ ಅವಧಿಯಲ್ಲಿಯೇ ಈ ಸೀಮೆಗೂ ಬಂದ ಭಾರತೀಯ ದಂಡಸಂಹಿತೆಯಲ್ಲಿ, ಇಬ್ಬರು ಗಂಡಸರ ದೇಹಸಂಬಂಧವು ಪರಸ್ಪರ ಸಮ್ಮತಿಯಿಂದ ಏಕಾಂತದಲ್ಲಿ ನಡೆದುದಾದರೂ ಅಪರಾಧವೆಂದೇ ಎಣಿಸುವ 377ನೆಯ ಕಲಮು ಅಡಕವಾಗಿದ್ದಿತು.

ಇಂಗ್ಲೆಂಡಿನ ದೊರೆ ಎಂಟನೆಯ ಹೆನ್ರಿಯು 1533ರಲ್ಲಿ ಮಾಡಿಸಿದ ಕಾಯಿದೆಯೇ ಇದರ ಮೂಲ. ನಮ್ಮ ನೆಲದಲ್ಲಿ ಈ ಅಪರಾಧಕ್ಕೆ ಯಾವಜ್ಜೀವ ಶಿಕ್ಷೆ, ಇಲ್ಲವೇ 10 ವರ್ಷಗಳವರೆಗೆ ಸೆರೆವಾಸ ಹಾಗೂ ದಂಡ ವಿಧಿಸಬಹುದಾಗಿತ್ತು, ಪೊಲೀಸರು ವಾರಂಟಿಲ್ಲದೆಯೇ ಹಿಡಿಯಬಹುದಾಗಿತ್ತು, ಜಾಮೀನು ಹಕ್ಕಾಗಿರಲಿಲ್ಲ. ಕಳವಿನಲ್ಲಿ ಒಡವೆ ಕಳೆದುಕೊಂಡವನಿರುತ್ತಾನೆ, ಹೊಡೆದಾಟದಲ್ಲಿ ಪೆಟ್ಟು ತಿಂದವನಿರುತ್ತಾನೆ. ಇಲ್ಲಿಯಾದರೋ ನೊಂದವನೇ ಇಲ್ಲದಿರುವುದರಿಂದ ಸಂಶಯವೇ ಫಿರ್ಯಾದಿಯ ಸ್ಥಾನವನ್ನು ಆಕ್ರಮಿಸಿತು.

1884ರಲ್ಲಿ ಅಲಹಾಬಾದ್ ಹೈಕೋರ್ಟಿನ ಮುಂದೆ ಬಂದ ಖೈರಾತಿ ಎಂಬವನ ಮೊಕದ್ದಮೆ ಇದಕ್ಕೆ ನಿದರ್ಶನ. ಹೆಣ್ಣುಡುಗೆಯುಟ್ಟು ಹಾಡುತ್ತಿದ್ದನೆಂದು ಹಿಡಿದು, ವೈದ್ಯರಿಂದ ಶರೀರಪರೀಕ್ಷೆ ಮಾಡಿಸಿ, ಕೃತ್ಯ ನಡೆದ ದಿನವನ್ನಾಗಲಿ, ಸ್ಥಳವನ್ನಾಗಲಿ, ಜೊತೆಗಿದ್ದವನನ್ನಾಗಲಿ ಹೆಸರಿಸದೆಯೇ ಸೆಷನ್ಸ್ ನ್ಯಾಯಾಲಯವು ವಿಧಿಸಿದ್ದ ಶಿಕ್ಷೆಯನ್ನು ಹೈಕೋರ್ಟು ತಳ್ಳಿಹಾಕಿತು; ಕಲಮು ಮಾತ್ರ ಉಳಿಯಿತು.

ಇಂಗ್ಲೆಂಡು ತನ್ನ ಕಾನೂನನ್ನು 1967ರಲ್ಲಿ ಸಡಿಲಿಸಿದ ಮೇಲೆಯೂ ನಾವು ಅದನ್ನು ಬಿಡಲಿಲ್ಲ. ವಯಸ್ಕರ ಸಮ್ಮತಿಯ ಸಂಬಂಧವು ಅಪರಾಧವಲ್ಲವೆಂದು ದೆಹಲಿ ಹೈಕೋರ್ಟು 2009ರಲ್ಲಿಯೇ ಸಾರಿದ್ದರೂ, 2013ರ ನವೆಂಬರಿನಲ್ಲಿ ನಮ್ಮ ಹಾಸನದ ಪೊಲೀಸರು ಇದೇ ಕಲಮಿನಡಿ ಹಲವರನ್ನು ಬಂಧಿಸಿದರು. ಮರುತಿಂಗಳು ಸುಪ್ರೀಂ ಕೋರ್ಟು ದೆಹಲಿಯ ತೀರ್ಪನ್ನು ರದ್ದುಪಡಿಸಿತು. ಕೊನೆಗೆ 2018ರ ಸೆಪ್ಟೆಂಬರ್ 6ರಂದು ಐವರು ನ್ಯಾಯಮೂರ್ತಿಗಳ ಪೀಠವು ವಯಸ್ಕರ ಸಮ್ಮತಿಯ ಸಂಬಂಧವನ್ನು ಒಮ್ಮತದಿಂದ ದಂಡನೆಯ ಹೊರಗಿರಿಸಿತು. ಇಂಥ ಸಂಬಂಧವುಳ್ಳವರಿಗೂ ಅವರ ಕುಟುಂಬಗಳಿಗೂ ಇತಿಹಾಸವು ಕ್ಷಮೆ ಕೇಳಬೇಕಾಗಿದೆಯೆಂದು ನ್ಯಾಯಮೂರ್ತಿ ಇಂದು ಮಲ್ಹೋತ್ರಾ ಬರೆದರು.

ಶಿಕ್ಷೆಗಿಂತ ಹೆಚ್ಚಾಗಿ ಭೀತಿಯಿಂದಲೇ ಈ ಕಲಮು ಜನರನ್ನು ಆಳಿತೆಂಬುದು ನನ್ನ ದೃಢವಾದ ಅಭಿಪ್ರಾಯ. ಕಾನೂನು ಅಳಿದರೂ ಆ ಭೀತಿ ಸಣ್ಣ ಊರುಗಳಲ್ಲಿ ಬೇಗನೆ ಅಳಿಯುವಂಥದಲ್ಲ. ಆದುದರಿಂದ ಶಿಕಾರಿಪುರದಲ್ಲಾಗಲಿ ಸೊರಬದಲ್ಲಾಗಲಿ, ಇಂಥ ಸಂಬಂಧದ ಹೆಸರೆತ್ತಿ ಯಾರಾದರೂ ಬೆದರಿಸಿ ಹಣ ಕೀಳಲೆಳಸಿದರೆ, ಇಂದು ಕಾನೂನಿನ ಮುಂದೆ ಅಪರಾಧಿಯಾಗುವವನು ಆ ಬೆದರಿಸುವವನೇ ಎಂಬುದನ್ನು ಓದುಗರು ತಾವೂ ತಿಳಿದು, ತಿಳಿಯದವರಿಗೂ ಹೇಳಬೇಕು.